ಹಿಮದ ಹಲಗೆಯ ಮೇಲೆ ನಿಲ್ಲುವುದು ಹೇಗೆ? ಸ್ನೋಬೋರ್ಡ್ ನಿಲುವಿನ ಚರಿತ್ರೆ



ತುಂಬಿದ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡದವರು ನಿಮ್ಮಲ್ಲಿ ಬಹುಶಃ ಯಾರೂ ಇರಲಾರರು. ಚಾಲಕ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದಾಗ ಏನಾಗುತ್ತದೆ? ಬಸ್ಸು ಹೋಗುವ ದಿಕ್ಕಿಗೆ ಮುಖ ಮಾಡಿ, ಎರಡೂ ಪಾದ ಜೋಡಿಸಿ ನಿಂತವರು ಮುಗ್ಗರಿಸುತ್ತಾರೆ. ಕಿಟಕಿಯ ಕಡೆಗೆ ತಿರುಗಿ, ಕಾಲುಗಳನ್ನು ಅಗಲಿಸಿ, ಮಂಡಿಯನ್ನು ತುಸು ಸಡಿಲ ಬಿಟ್ಟು ನಿಂತವರು ತೂಗಾಡಿದರೂ ಬೀಳುವುದಿಲ್ಲ. ಹೀಗೆ ನಿಲ್ಲುವುದನ್ನು ನಿಮಗೆ ಯಾರೂ ಪಾಠ ಮಾಡಿ ಕಲಿಸಿರಲಿಕ್ಕಿಲ್ಲ. ನಾಲ್ಕಾರು ಸಲ ಬಿದ್ದು, ಬೀಳುವಂತಾಗಿ, ದೇಹವೇ ಅದನ್ನು ಕಂಡುಕೊಂಡಿದೆ.

ಇಂದು ನಾವು ತಿಳಿದುಕೊಳ್ಳಲಿರುವ ಕ್ರೀಡೆಯ ಚರಿತ್ರೆಯೂ ಇಂಥದೇ. ಹಿಮದ ಇಳಿಜಾರಿನಲ್ಲಿ ಒಂದೇ ಹಲಗೆಯ ಮೇಲೆ ನಿಂತು ಜಾರುವ ಸ್ನೋಬೋರ್ಡ್ ಕ್ರೀಡೆಯನ್ನು ನೀವು ಕಿರುತೆರೆಯಲ್ಲಿ ನೋಡಿರಬಹುದು. ಆಕಾಶಕ್ಕೆ ಜಿಗಿದು ಗಿರಗಿರನೆ ಸುತ್ತುವ ಆಟಗಾರರನ್ನು ಕಂಡು ಬೆರಗಾಗಿರಲೂಬಹುದು. ಆದರೆ ಆ ಬೆರಗಿನ ಕೆಳಗೆ ಒಂದು ಸರಳ ಪ್ರಶ್ನೆ ಇದೆ: ಹಲಗೆಯ ಮೇಲೆ ಹೇಗೆ ನಿಲ್ಲಬೇಕು? ಯಾವ ಕಾಲು ಮುಂದೆ? ಪಾದಗಳ ನಡುವೆ ಎಷ್ಟು ಅಂತರ? ಬೂಟು ಎಷ್ಟು ಬಿಗಿ? ಇಂದು ಕಲಿಯಲು ಬಂದ ಹೊಸಬರಿಗೆ ಶಿಕ್ಷಕರು ಇದಕ್ಕೆಲ್ಲ ಹತ್ತೇ ನಿಮಿಷಗಳಲ್ಲಿ ಉತ್ತರ ಹೇಳಿಬಿಡುತ್ತಾರೆ. ಆ ಹತ್ತು ನಿಮಿಷಗಳ ಉತ್ತರದ ಹಿಂದೆ ಹಲವು ದಶಕಗಳ ಪ್ರಯೋಗ, ಪತನ, ಪೆಟ್ಟು ಮತ್ತು ಜಗಳಗಳಿವೆ. ಅದನ್ನೇ ಈಗ ನೋಡೋಣ.

ಎರಡು ಸ್ಕೀ, ಒಂದು ಹಲಗೆ

ಹಿಮದ ಮೇಲೆ ಜಾರುವ ಸ್ಕೀಗೆ ಸಾವಿರಾರು ವರ್ಷಗಳ ಇತಿಹಾಸವಿದೆ. ಉತ್ತರ ಯುರೋಪಿನ ಜನರಿಗೆ ಅದು ಆಟವಾಗುವ ಮೊದಲು ಬೇಟೆಯ ಮತ್ತು ಪ್ರಯಾಣದ ಸಾಧನವಾಗಿತ್ತು. ಸ್ಕೀಯಲ್ಲಿ ಎರಡು ಕಾಲಿಗೆ ಎರಡು ಪಟ್ಟಿಗಳು, ಮುಖ ಮುಂದಕ್ಕೆ, ಕೈಯಲ್ಲಿ ಎರಡು ಕೋಲು. ಅಂದರೆ ನಾವು ನಡೆಯುವ ಭಂಗಿಯೇ ಅಲ್ಲಿಯೂ ಮುಂದುವರಿಯುತ್ತದೆ.

ಸ್ನೋಬೋರ್ಡಿನ ಭಂಗಿ ಬಂದದ್ದು ಬೇರೊಂದು ಮೂಲದಿಂದ. ಅದು ಹಿಮದಿಂದಲ್ಲ, ಸಮುದ್ರದಿಂದ ಬಂದದ್ದು. ಹವಾಯಿ ದ್ವೀಪಗಳ ಜನರು ತಲೆತಲಾಂತರದಿಂದ ಮರದ ಹಲಗೆಯ ಮೇಲೆ ನಿಂತು ಅಲೆಗಳ ಮೇಲೆ ಜಾರುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಈ ಆಟ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಬೇರೂರಿತು. ಅಲೆಯಿಲ್ಲದ ದಿನಗಳಲ್ಲಿ ಅಲ್ಲಿನ ಹುಡುಗರು ಹಲಗೆಗೆ ಗಾಲಿ ಜೋಡಿಸಿ ರಸ್ತೆಯಲ್ಲಿ ಉರುಳಿದರು. ಅದು ಸ್ಕೇಟ್‌ಬೋರ್ಡ್ ಆಯಿತು. ಎರಡರಲ್ಲೂ ನಿಲ್ಲುವ ಕ್ರಮ ಒಂದೇ: ದೇಹ ಪಕ್ಕಕ್ಕೆ, ಒಂದು ಕಾಲು ಮುಂದೆ, ಇನ್ನೊಂದು ಹಿಂದೆ, ದೃಷ್ಟಿ ಮಾತ್ರ ಹೋಗುವ ದಿಕ್ಕಿಗೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ನಿಂತವರ ಭಂಗಿಯೇ ಇದು.

ಈ ಭಂಗಿ ಹಿಮಕ್ಕೆ ಇಳಿದ ದಿನಾಂಕವನ್ನು ಚರಿತ್ರೆ ನೆನಪಿಟ್ಟುಕೊಂಡಿದೆ. 1965ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಸ್ಥಳ, ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಪಟ್ಟಣ. ಶರ್ಮನ್ ಪಾಪೆನ್ ಎಂಬ ಇಂಜಿನಿಯರ್ ತಮ್ಮ ಹೆಣ್ಣುಮಕ್ಕಳನ್ನು ಆಡಿಸಲು ಎರಡು ಸ್ಕೀಗಳನ್ನು ಪಕ್ಕಪಕ್ಕದಲ್ಲಿಟ್ಟು ಅಡ್ಡಪಟ್ಟಿಗಳಿಂದ ಜೋಡಿಸಿದರು. ಮನೆಯ ಹಿಂದಿನ ಗುಡ್ಡದಲ್ಲಿ ಮಕ್ಕಳು ಅದರ ಮೇಲೆ ಪಕ್ಕಕ್ಕೆ ತಿರುಗಿ ನಿಂತು ಜಾರಿದರು. ನೆರೆಹೊರೆಯ ಮಕ್ಕಳೆಲ್ಲ ತಮಗೂ ಒಂದು ಬೇಕೆಂದು ದುಂಬಾಲು ಬಿದ್ದರಂತೆ. ಪಾಪೆನ್‌ರ ಪತ್ನಿ ನ್ಯಾನ್ಸಿ ಹಿಮ ಮತ್ತು ಅಲೆಸವಾರಿ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟರು. ಬ್ರನ್ಸ್‌ವಿಕ್ ಎಂಬ ಕಂಪನಿ ಅದನ್ನು ಆಟದ ಸಾಮಾನಾಗಿ ತಯಾರಿಸಿ ಮಾರಿತು. ಮುಂದಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಸ್ನರ್ಫರ್‌ಗಳು ಮಾರಾಟವಾದವು. 1968ರಿಂದ ಮಸ್ಕೀಗನ್‌ನಲ್ಲಿ ಇದರ ಸ್ಪರ್ಧೆಗಳೂ ಆರಂಭವಾದವು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸ್ನರ್ಫರ್‌ನಲ್ಲಿ ಪಾದವನ್ನು ಹಿಡಿದಿಡುವ ಏರ್ಪಾಡೇ ಇರಲಿಲ್ಲ. ಹಲಗೆಯ ಮೇಲೆ ಕಾಲು ಜಾರದಂತೆ ತರಿತರಿಯಾದ ಭಾಗವಿತ್ತು. ಮೂತಿಗೆ ಕಟ್ಟಿದ ಹಗ್ಗವನ್ನು ಸವಾರ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಸಣ್ಣ ಗುಡ್ಡಕ್ಕೆ ಇಷ್ಟು ಸಾಕಿತ್ತು. ಗಟ್ಟಿ ಹಿಮದ ಕಡಿದಾದ ಇಳಿಜಾರಿಗೆ ಸಾಲುತ್ತಿರಲಿಲ್ಲ. ಹಲಗೆ ಒಂದು ಕಡೆ, ಸವಾರ ಒಂದು ಕಡೆ! ಹೀಗಾಗಿ ಈ ಕ್ರೀಡೆಯ ಮೊದಲ ಸಮಸ್ಯೆ ವೇಗವಾಗಿರಲಿಲ್ಲ, ಪಾದವಾಗಿತ್ತು.

ಪಾದವನ್ನು ಕಟ್ಟಬೇಕೆ, ಬೇಡವೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೂವರನ್ನು ಹೆಸರಿಸಬೇಕು. ಟಾಮ್ ಸಿಮ್ಸ್ ನ್ಯೂಜೆರ್ಸಿಯ ಶಾಲಾ ಬಾಲಕ. ಸ್ಕೇಟ್‌ಬೋರ್ಡಿನ ಹುಚ್ಚಿದ್ದ ಆತ 1963ರಲ್ಲೇ ಶಾಲೆಯ ಮರಗೆಲಸದ ತರಗತಿಯಲ್ಲಿ ಹಿಮದಲ್ಲಿ ಜಾರುವ ಹಲಗೆಯೊಂದನ್ನು ಮಾಡಿಕೊಂಡಿದ್ದ. ಅಂದರೆ ನಿಮ್ಮದೇ ವಯಸ್ಸಿನ ಒಬ್ಬ ಹುಡುಗನ ಶಾಲಾ ಕೆಲಸದಲ್ಲಿ ಈ ಕ್ರೀಡೆಯ ಒಂದು ಬೇರು ಇದೆ. ದಿಮಿತ್ರಿಯೆ ಮಿಲೊವಿಚ್ ಎರಡನೆಯವರು. 1970ರ ದಶಕದಲ್ಲಿ ಅವರು ಯೂಟಾ ರಾಜ್ಯದ ಬೆಟ್ಟಗಳ ಆಳವಾದ ಪುಡಿಹಿಮಕ್ಕೆಂದೇ ‘ವಿಂಟರ್‌ಸ್ಟಿಕ್’ ಹಲಗೆಗಳನ್ನು ರೂಪಿಸಿದರು. ಮೂರನೆಯವರು ಜೇಕ್ ಬರ್ಟನ್ ಕಾರ್ಪೆಂಟರ್. ಹದಿನಾಲ್ಕರ ವಯಸ್ಸಿನಲ್ಲಿ ಸ್ನರ್ಫರ್ ಆಡಿ ಬೆಳೆದ ಇವರು 1977ರಲ್ಲಿ ನ್ಯೂಯಾರ್ಕ್‌ನ ಉದ್ಯೋಗ ಬಿಟ್ಟು ವರ್ಮಾಂಟ್ ರಾಜ್ಯಕ್ಕೆ ಬಂದು ಹಲಗೆ ತಯಾರಿಸತೊಡಗಿದರು. ಮೊದಲ ವರ್ಷ ಮಾರಾಟವಾದದ್ದು ಸುಮಾರು 300 ಹಲಗೆಗಳು ಮಾತ್ರ. ಅವರ ಹಲಗೆಯಲ್ಲಿದ್ದ ಹೊಸತನವೆಂದರೆ ಪಾದವನ್ನು ಹಿಡಿಯುವ ರಬ್ಬರ್ ಪಟ್ಟಿ. ಬೂಟನ್ನು ಹಲಗೆಗೆ ಹಿಡಿದಿಡುವ ಇಂಥ ಸಾಧನಕ್ಕೆ ‘ಬೈಂಡಿಂಗ್’ ಎಂದು ಹೆಸರು.

1979ರ ಮಿಷಿಗನ್ ಸ್ಪರ್ಧೆಗೆ ಬರ್ಟನ್ ಈ ಹಲಗೆಯನ್ನು ಹಿಡಿದುಕೊಂಡು ಬಂದರು. ಆಗ ವಿವಾದ ಎದ್ದಿತು. ಕಾಲನ್ನು ಕಟ್ಟಿಕೊಂಡು ಬಂದವನನ್ನು ಕಾಲು ಬಿಟ್ಟು ನಿಲ್ಲುವವರ ಜೊತೆ ಸ್ಪರ್ಧೆಗೆ ಬಿಡುವುದು ನ್ಯಾಯವೆ? ಕೆಲವರು ಬೇಡವೆಂದರು, ಕೆಲವು ಸ್ಪರ್ಧಾಳುಗಳೇ ಅವರ ಪರ ನಿಂತರು. ಕೊನೆಗೆ ಸಂಘಟಕರು ‘ಮುಕ್ತ ವಿಭಾಗ’ ಎಂಬ ಹೊಸ ವಿಭಾಗವನ್ನೇ ತೆರೆದರು. ಬರ್ಟನ್ ಅದರಲ್ಲಿ ಗೆದ್ದರು. ಆ ವಿಭಾಗದಲ್ಲಿದ್ದವರು ಅವರೊಬ್ಬರೇ ಎಂಬುದು ಬೇರೆ ಮಾತು! ಆದರೆ ಚರಿತ್ರೆಯ ದೃಷ್ಟಿಯಿಂದ ಅಂದು ತೀರ್ಮಾನವಾದದ್ದು ದೊಡ್ಡ ಸಂಗತಿ. ಸವಾರ ಮತ್ತು ಹಲಗೆ ಒಂದಾಗಬೇಕು, ಪಾದಕ್ಕೆ ಆಧಾರ ಬೇಕು ಎಂಬ ವಿಚಾರಕ್ಕೆ ಅಂದು ಮೊದಲ ಮಾನ್ಯತೆ ಸಿಕ್ಕಿತು.

ಮುಚ್ಚಿದ ಬಾಗಿಲುಗಳು

ಪಾದಕ್ಕೆ ಆಧಾರ ಸಿಕ್ಕಿದರೂ ಕಾಲಿಡಲು ನೆಲ ಸಿಗಲಿಲ್ಲ. ಅಮೆರಿಕದ ಬಹುತೇಕ ಸ್ಕೀ ತಾಣಗಳು ಸ್ನೋಬೋರ್ಡ್ ಸವಾರರನ್ನು ಲಿಫ್ಟ್ ಹತ್ತಲು ಬಿಡುತ್ತಿರಲಿಲ್ಲ. ವಿಮೆಯ ಆತಂಕ ಒಂದು ಕಾರಣ. ಈ ಹಲಗೆಗಳನ್ನು ಸರಿಯಾಗಿ ನಿಯಂತ್ರಿಸಲು ಆಗುವುದಿಲ್ಲವೆಂಬ ಭಯ ಇನ್ನೊಂದು. ಪಡ್ಡೆ ಹುಡುಗರ ಆಟವೆಂಬ ತಾತ್ಸಾರ ಮತ್ತೊಂದು. ಸವಾರರು ರಾತ್ರಿ ಹೊತ್ತು ಹಲಗೆಯನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿ ಜಾರಿದ್ದೂ ಉಂಟು. 1982ರಲ್ಲಿ ವರ್ಮಾಂಟ್‌ನ ವುಡ್‌ಸ್ಟಾಕ್ ಬಳಿಯ ಸೂಯಿಸೈಡ್ ಸಿಕ್ಸ್ ಎಂಬ ತಾಣದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. 1983ರಲ್ಲಿ ಅದೇ ರಾಜ್ಯದ ಸ್ಟ್ರ್ಯಾಟನ್ ತಾಣವು ಸ್ನೋಬೋರ್ಡ್ ಸವಾರರಿಗೆ ಬಾಗಿಲು ತೆರೆಯಿತು. ಆಗ ಸವಾರರು ಮೊದಲು ಪರೀಕ್ಷೆ ಕೊಟ್ಟು, ತಮಗೆ ತಿರುಗಲು ಮತ್ತು ನಿಲ್ಲಲು ಬರುತ್ತದೆಂದು ತೋರಿಸಬೇಕಾಗಿತ್ತು.

ಈ ನಿಬಂಧನೆಯನ್ನು ಅವಮಾನವೆಂದು ಕೆಲವರು ಭಾವಿಸಿರಬಹುದು. ಆದರೆ ಅದು ಒಂದು ಸತ್ಯವನ್ನು ಎತ್ತಿ ತೋರಿಸಿತು. ನಿಲ್ಲಲು ಬಾರದವರಿಂದ ಬೇರೆಯವರಿಗೂ ಅಪಾಯವೇ. ಹಾಗಾಗಿ ಸರಿಯಾದ ನಿಲುವು ಆಟಗಾರನ ಸ್ವಂತ ಅನುಕೂಲದ ವಿಷಯವಾಗಿ ಉಳಿಯದೆ, ಬೆಟ್ಟವನ್ನು ಎಲ್ಲರೊಡನೆ ಹಂಚಿಕೊಳ್ಳುವ ಅರ್ಹತೆಯ ವಿಷಯವೂ ಆಯಿತು. ಅಮೆರಿಕದ ಮೂರು ತಾಣಗಳು — ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ — ಈ ಶತಮಾನದಲ್ಲೂ ಸ್ಕೀಗೆ ಮಾತ್ರ ಅವಕಾಶವೆಂಬ ನಿಯಮವನ್ನು ಉಳಿಸಿಕೊಂಡಿವೆ. ಹಳೆಯ ಜಗಳದ ಕಿಡಿ ಪೂರ್ತಿ ಆರಿಲ್ಲವೆಂದು ಇದರಿಂದ ತಿಳಿಯುತ್ತದೆ.

ಮೀನಖಂಡಕ್ಕೊಂದು ಒರಗು

ಸ್ಕೀ ತಾಣಗಳ ಹಿಮ ಯಂತ್ರದಿಂದ ಒತ್ತಿ ಸಮಮಾಡಿದ ಗಟ್ಟಿ ಹಿಮ. ಮಿಲೊವಿಚ್ ಅವರ ಪುಡಿಹಿಮದಲ್ಲಿ ಹಲಗೆ ತೇಲುತ್ತಿತ್ತು. ಮೂತಿ ಹೂತುಹೋಗದಂತೆ ಸವಾರ ಹಿಂಗಾಲಿನ ಮೇಲೆ ಭಾರ ಹಾಕುತ್ತಿದ್ದ. ಗಟ್ಟಿ ಹಿಮದಲ್ಲಿ ಹಲಗೆಯ ಅಂಚು ಹಿಮವನ್ನು ಕೊರೆದು ಹಿಡಿಯಬೇಕು. ಇದಕ್ಕಾಗಿ 1980ರ ದಶಕದಲ್ಲಿ ಹಲಗೆಗಳಿಗೆ ಸ್ಕೀಯಂತೆ ಲೋಹದ ಅಂಚು ಬಂದಿತು.

ಆದರೆ ಅಂಚು ಇದ್ದರೆ ಸಾಲದು, ಅದನ್ನು ಎತ್ತಿ ಒತ್ತುವ ಶಕ್ತಿ ಬೇಕು. ನೀವೇ ಪರೀಕ್ಷಿಸಿ ನೋಡಿ. ನೆಲದ ಮೇಲೆ ನಿಂತು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲಿ. ಸ್ವಲ್ಪ ಹೊತ್ತು ನಿಲ್ಲಬಲ್ಲಿರಿ, ಏಕೆಂದರೆ ಮೀನಖಂಡದ ಸ್ನಾಯು ಬಲಿಷ್ಠವಾದದ್ದು. ಈಗ ಬೆರಳುಗಳನ್ನು ಎತ್ತಿ ಹಿಮ್ಮಡಿಯ ಮೇಲೆ ಮಾತ್ರ ನಿಲ್ಲಿ. ಕೂಡಲೇ ಹಿಂದಕ್ಕೆ ವಾಲುತ್ತೀರಿ. ಸ್ನೋಬೋರ್ಡಿನಲ್ಲಿ ಬೆರಳ ಕಡೆಯ ಅಂಚು, ಹಿಮ್ಮಡಿ ಕಡೆಯ ಅಂಚು ಎಂದು ಎರಡು. ಬೆರಳಂಚಿನ ತಿರುವು ಹೇಗೋ ಸಾಧ್ಯವಾಗುತ್ತಿತ್ತು. ಹಿಮ್ಮಡಿಯಂಚಿನ ತಿರುವು ಮಾತ್ರ ಗಟ್ಟಿ ಹಿಮದಲ್ಲಿ ಕೈಕೊಡುತ್ತಿತ್ತು.

ಜೆಫ್ ಗ್ರೆಲ್ ಎಂಬುವರು ಇದಕ್ಕೆ ಪರಿಹಾರ ಕೊಟ್ಟವರೆಂದು ಪ್ರಸಿದ್ಧರು. ಬೈಂಡಿಂಗ್‌ನ ಹಿಂಭಾಗದಲ್ಲಿ, ಹಿಮ್ಮಡಿಯಿಂದ ಮೀನಖಂಡದವರೆಗೆ, ಒಂದು ಗಟ್ಟಿ ಒರಗನ್ನು ಅವರು ಜೋಡಿಸಿದರು. ಇದಕ್ಕೆ ‘ಹೈಬ್ಯಾಕ್’ ಎನ್ನುತ್ತಾರೆ. ಸವಾರ ಕುರ್ಚಿಯಲ್ಲಿ ಕೂರುವವನಂತೆ ತುಸು ಕುಗ್ಗಿ ಕಾಲನ್ನು ಈ ಒರಗಿಗೆ ಒತ್ತಿದರೆ ಸಾಕು, ಅದು ಸನ್ನೆಕೋಲಿನಂತೆ ಕೆಲಸ ಮಾಡಿ ಹಲಗೆಯ ಬೆರಳ ಕಡೆಯನ್ನು ಎತ್ತುತ್ತದೆ. ಹಿಮ್ಮಡಿಯಂಚು ಹಿಮವನ್ನು ಕಚ್ಚುತ್ತದೆ. ಈ ಸಾಧನ ಬಂದ ಮೇಲೆ ಎರಡೂ ಕಡೆಗೆ ತಿರುಗುವುದು, ಬೇಕೆಂದಲ್ಲಿ ನಿಲ್ಲುವುದು ಸಾಮಾನ್ಯರಿಗೂ ಸಾಧ್ಯವಾಯಿತು. ತಾಣಗಳ ಬಾಗಿಲು ಒಂದೊಂದಾಗಿ ತೆರೆದುಕೊಂಡದ್ದಕ್ಕೆ ವಾದ, ಮನವಿಗಳ ಜೊತೆಗೆ ಇಂಥ ಸಣ್ಣ ಸಲಕರಣೆಗಳೂ ಕಾರಣ.

ಪಾದದ ಕೋನ: ಎರಡು ಪಂಥಗಳು

ಇನ್ನು ಪಾದ ಯಾವ ದಿಕ್ಕಿಗಿರಬೇಕು ಎಂಬ ಪ್ರಶ್ನೆ. ಪಾದ ಹಲಗೆಗೆ ನೇರ ಅಡ್ಡವಾಗಿದ್ದರೆ ಆ ಕೋನವನ್ನು ಸೊನ್ನೆ ಡಿಗ್ರಿ ಎನ್ನುತ್ತಾರೆ. ಬೆರಳು ಮೂತಿಯ ಕಡೆಗೆ ತಿರುಗಿದರೆ ಧನ ಕೋನ, ಬಾಲದ ಕಡೆಗೆ ತಿರುಗಿದರೆ ಋಣ ಕೋನ. ವೇಗದ ಸ್ಪರ್ಧೆಯವರು, ವಿಶೇಷವಾಗಿ ಯುರೋಪಿನಲ್ಲಿ, ಗಟ್ಟಿ ಪ್ಲಾಸ್ಟಿಕ್ ಬೂಟು ತೊಟ್ಟು ಎರಡೂ ಪಾದಗಳನ್ನು 50 ಡಿಗ್ರಿ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಮುಂದಕ್ಕೆ ತಿರುಗಿಸಿಕೊಂಡರು. ಅವರ ಹಲಗೆ ಕಿರಿದು, ಓಟ ಚುರುಕು. ಇದು ಸ್ಕೀಗೆ ಹತ್ತಿರವಾದ ಪಂಥ.

ಸ್ಕೇಟ್‌ಬೋರ್ಡಿನ ಹಿನ್ನೆಲೆಯಿಂದ ಬಂದವರದು ಇನ್ನೊಂದು ಪಂಥ. ಮೆತ್ತನೆಯ ಬೂಟು, ಅಗಲವಾದ ನಿಲುವು, ಕಡಿಮೆ ಕೋನ. ಅರ್ಧ ಕೊಳವೆಯಂಥ ಹಿಮದ ಕಾಲುವೆಯಲ್ಲಿ, ಅಂದರೆ ಹಾಫ್‌ಪೈಪ್‌ನಲ್ಲಿ, ಅವರು ಒಮ್ಮೆ ಎಡಗಾಲು ಮುಂದಾಗಿ, ಒಮ್ಮೆ ಬಲಗಾಲು ಮುಂದಾಗಿ ಜಾರಬೇಕಿತ್ತು. ಎರಡೂ ದಿಕ್ಕಿಗೆ ಸಮನಾಗಿ ಸಾಗಬೇಕಾದರೆ ನಿಲುವೂ ಸಮವಾಗಿರಬೇಕಲ್ಲವೆ? ಹೀಗಾಗಿ ಮುಂಗಾಲು ಧನ 15 ಡಿಗ್ರಿ, ಹಿಂಗಾಲು ಋಣ 15 ಡಿಗ್ರಿ ಎಂಬಂಥ ನಿಲುವು ರೂಢಿಗೆ ಬಂದಿತು. ಪಾದಗಳೆರಡೂ ಹೊರಕ್ಕೆ ತಿರುಗಿ ಬಾತುಕೋಳಿಯ ನಡಿಗೆಯನ್ನು ಹೋಲುವುದರಿಂದ ಇದಕ್ಕೆ ‘ಬಾತುಕೋಳಿ ನಿಲುವು’ ಎಂದೇ ಹೆಸರು. ನೋಡಲು ಹಾಸ್ಯವೆನಿಸಿದರೂ, ಮಂಡಿ ಬಗ್ಗಿಸಿದಾಗ ಅನೇಕರಿಗೆ ಇದೇ ಸಹಜವಾದ ದಿಕ್ಕು.

ಯಾವ ಕಾಲು ಮುಂದೆ?

ನಮ್ಮಲ್ಲಿ ಮದುಮಗಳು ಮನೆ ತುಂಬುವಾಗ ಬಲಗಾಲಿಟ್ಟು ಒಳಗೆ ಬಾ ಎನ್ನುತ್ತಾರೆ. ಹಿಮದ ಹಲಗೆಯ ಮೇಲೆ ಹೆಚ್ಚಿನವರ ಎಡಗಾಲು ಮುಂದಿರುತ್ತದೆ. ಇದಕ್ಕೆ ‘ರೆಗ್ಯುಲರ್’ ಎಂದು ಹೆಸರು. ಬಲಗಾಲು ಮುಂದಿಟ್ಟರೆ ‘ಗೂಫಿ’. ಅಲೆಸವಾರರ ಬಾಯಲ್ಲಿ ಹುಟ್ಟಿದ ಈ ಮಾತಿಗೆ ಪೆದ್ದು, ಎಡವಟ್ಟು ಎಂಬ ಛಾಯೆಯಿದೆ. ಡಿಸ್ನಿ ಸಂಸ್ಥೆಯ 1937ರ ವ್ಯಂಗ್ಯಚಿತ್ರವೊಂದರಲ್ಲಿ ಗೂಫಿ ಎಂಬ ನಾಯಿ ಪಾತ್ರ ಹವಾಯಿಯಲ್ಲಿ ಅಲೆಸವಾರಿ ಮಾಡಲು ಹೋಗುತ್ತದೆ. ಹೆಸರು ಅಲ್ಲಿಂದ ಬಂತೆಂದು ಹೇಳುವವರಿದ್ದಾರೆ. ಹೆಸರಿನ ಮೂಲ ಏನೇ ಇರಲಿ, ಬಲಗಾಲು ಮುಂದಿಡುವುದು ದೋಷವಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಏಟು ಕೊಟ್ಟು ಬಲಗೈಗೆ ತಿರುಗಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಬಹುಮತವೇ ಸರಿ, ಉಳಿದದ್ದು ತಪ್ಪು ಎಂದು ದೇಹಕ್ಕೆ ಪಾಠ ಹೇಳಲು ಹೋದರೆ ಕಲಿಕೆ ಕೆಡುತ್ತದೆ.

ಬರೆಯುವ ಕೈಗೂ ಮುಂದಿಡುವ ಕಾಲಿಗೂ ನೇರ ಸಂಬಂಧವಿಲ್ಲ. ಇದನ್ನು ಕ್ರಿಕೆಟ್ ಪ್ರಿಯರಾದ ನಿಮಗೆ ವಿವರಿಸುವುದು ಸುಲಭ. ಸೌರವ್ ಗಂಗೂಲಿ ಬಲಗೈಯಲ್ಲಿ ಬೌಲಿಂಗ್ ಮಾಡುತ್ತಿದ್ದರು, ಎಡಗೈ ಬ್ಯಾಟ್ಸ್‌ಮನ್ ಆಗಿ ಆಡುತ್ತಿದ್ದರು. ಹಾಗೆಯೇ ಬಲಗೈಯವರು ಗೂಫಿ ಆಗಿರಬಹುದು, ಎಡಗೈಯವರು ರೆಗ್ಯುಲರ್ ಆಗಿರಬಹುದು. ಹೊಸಬರಿಗೆ ಶಿಕ್ಷಕರು ಕೆಲವು ಸುಲಭ ಪರೀಕ್ಷೆಗಳನ್ನು ಹೇಳುತ್ತಾರೆ. ಕಾಲುಚೀಲ ಹಾಕಿಕೊಂಡು ನುಣುಪಾದ ನೆಲದ ಮೇಲೆ ಓಡಿ ಜಾರಿ. ಯಾವ ಕಾಲು ತಾನಾಗಿ ಮುಂದೆ ಬರುತ್ತದೆ? ಸ್ನೇಹಿತರು ಬೆನ್ನ ಹಿಂದಿನಿಂದ ಮೆಲ್ಲಗೆ ತಳ್ಳಿದಾಗ ಯಾವ ಕಾಲು ಮುಂದಿಟ್ಟು ಸಾವರಿಸಿಕೊಳ್ಳುತ್ತೀರಿ? ಇವು ಸೂಚನೆಗಳು ಮಾತ್ರ. ಎರಡೂ ರೀತಿ ನಿಂತು ನೋಡಿ, ಮನಸ್ಸಿಗೆ ಧೈರ್ಯವೆನಿಸಿದ ಕಡೆಯನ್ನು ಆರಿಸಿಕೊಳ್ಳುವುದೇ ಕೊನೆಯ ಪರೀಕ್ಷೆ.

ಹೊಸಬರ ನಿಲುವು

ಈಗ ಈ ಚರಿತ್ರೆಯೆಲ್ಲ ಇಂದಿನ ಮೊದಲ ಪಾಠದಲ್ಲಿ ಹೇಗೆ ಅಡಗಿದೆ ನೋಡಿ. ಪಾದಗಳ ಅಂತರ ಹೆಗಲಿನ ಅಗಲದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು. ತೀರಾ ಕಿರಿದಾದರೆ ಸಮತೋಲ ತಪ್ಪುತ್ತದೆ. ತೀರಾ ಅಗಲವಾದರೆ ಮಂಡಿ ಬಗ್ಗುವುದಿಲ್ಲ. ಮುಂಗಾಲು ಧನ 12ರಿಂದ 18 ಡಿಗ್ರಿ. ಹಿಂಗಾಲು ಸೊನ್ನೆಯಿಂದ ಋಣ 12 ಡಿಗ್ರಿಯವರೆಗೆ. ಇದು ಆರಂಭಕ್ಕೆ ಮಾತ್ರ. ಬೈಂಡಿಂಗ್‌ನ ನಡುವೆ ಇರುವ ಬಿಲ್ಲೆಯ ತಿರುಪುಗಳನ್ನು ಸಡಿಲಿಸಿ ಕೋನವನ್ನು ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಹಳೆಯ ಹಲಗೆಗಳಲ್ಲಿ ಬೈಂಡಿಂಗನ್ನು ಮರಕ್ಕೇ ನೇರವಾಗಿ ತಿರುಪಿನಿಂದ ಬಿಗಿಯುತ್ತಿದ್ದರು. ಒಮ್ಮೆ ಕೊರೆದ ಮೇಲೆ ಸುಲಭವಾಗಿ ಬದಲಿಸುವಂತಿರಲಿಲ್ಲ. ಹಲಗೆಯೊಳಗೆ ಲೋಹದ ತಿರುಪು ರಂಧ್ರಗಳನ್ನು ಕೂರಿಸುವ ಪದ್ಧತಿ ಬಂದ ಮೇಲೆ, ಹಲಗೆ ಸವಾರನಿಗೆ ಹೊಂದಿಕೊಳ್ಳತೊಡಗಿತು. ಅದಕ್ಕೂ ಮೊದಲು ಸವಾರನೇ ಹಲಗೆಗೆ ಹೊಂದಿಕೊಳ್ಳಬೇಕಿತ್ತು.

ಮಂಡಿ ಸಡಿಲ, ಬೆನ್ನು ನೇರ, ದೃಷ್ಟಿ ದೂರ, ಭಾರ ಎರಡೂ ಕಾಲಿನ ಮೇಲೆ. ಹೆದರಿದ ಹೊಸಬರು ಇಳಿಜಾರು ಕಂಡೊಡನೆ ಹಿಂಗಾಲಿಗೆ ಒರಗುತ್ತಾರೆ. ಪುಡಿಹಿಮದಲ್ಲಿ ಸರಿಯಾಗಿದ್ದ ಆ ಕ್ರಮ ಗಟ್ಟಿ ಹಿಮದಲ್ಲಿ ಅಪಾಯ. ಮುಂದಿನ ಭಾಗ ಹಗುರವಾಗಿ ಹಲಗೆ ತಿರುಗುವುದೇ ಇಲ್ಲ. ಇಳಿಜಾರಿನಲ್ಲಿ ಧೈರ್ಯವೆಂದರೆ ಮುಂಗಾಲಿನ ಮೇಲೆ ಭಾರ ಇಡುವುದು. ಮೊದಲ ದಿನ ಬಾಣದಂತೆ ಕೆಳಗಿಳಿಯಲು ಹೋಗದೆ, ಒಂದೇ ಅಂಚಿನ ಮೇಲೆ ನಿಂತು, ಉದುರುವ ಎಲೆಯಂತೆ ಆ ಪಕ್ಕಕ್ಕೆ ಈ ಪಕ್ಕಕ್ಕೆ ತೇಲುತ್ತ ಇಳಿಯುವುದನ್ನು ಕಲಿಸುತ್ತಾರೆ.

ಬೂಟಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪೆಂದರೆ ಆರಾಮವೆಂದು ಒಂದು ಅಳತೆ ದೊಡ್ಡದನ್ನು ಆರಿಸುವುದು, ಚಳಿಯೆಂದು ಎರಡು ಕಾಲುಚೀಲ ಹಾಕುವುದು. ಬೂಟು ದೊಡ್ಡದಾದರೆ ಒಳಗೆ ಹಿಮ್ಮಡಿ ಎದ್ದೇಳುತ್ತದೆ. ಕಾಲು ಹೇಳಿದ್ದು ಹಲಗೆಗೆ ತಲುಪುವುದಿಲ್ಲ. ನೇರ ನಿಂತಾಗ ಬೆರಳು ಬೂಟಿನ ತುದಿಗೆ ಸೋಕಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಅಲುಗಬಾರದು. ಪಟ್ಟಿಯನ್ನು ಅತಿಯಾಗಿ ಬಿಗಿದರೆ ರಕ್ತಸಂಚಾರ ಕುಗ್ಗಿ ಕಾಲು ಜೋಮು ಹಿಡಿಯುತ್ತದೆ, ತಣ್ಣಗಾಗುತ್ತದೆ. ಅಂಗಾಲು ನೋಯುತ್ತಿದ್ದರೆ ಅದನ್ನು ಸಹಿಸಿಕೊಳ್ಳುವುದು ಶೌರ್ಯವಲ್ಲ. ನೋವಿರುವ ಕಾಲು ಹೆದರುತ್ತದೆ, ಹೆದರಿದ ಕಾಲು ಕಲಿಯುವುದಿಲ್ಲ.

ಈ ಆರಾಮ ಎಲ್ಲರಿಗೂ ಒಟ್ಟಿಗೆ ಸಿಕ್ಕಲಿಲ್ಲ. ಬಹುಕಾಲ ಹಲಗೆ, ಬೂಟುಗಳೆಲ್ಲ ಗಂಡಸರ ದೇಹದ ಅಳತೆಗೇ ತಯಾರಾಗುತ್ತಿದ್ದವು. ಸಾಮಾನ್ಯವಾಗಿ ಹೆಂಗಸರ ಪಾದ ಚಿಕ್ಕದು. ಮೀನಖಂಡದ ಸ್ನಾಯು ಇನ್ನಷ್ಟು ಕೆಳಗಿನವರೆಗೆ ಇಳಿದಿರುತ್ತದೆ. ಗಂಡಸರ ಬೂಟಿನ ಅಂಚು, ಹೈಬ್ಯಾಕ್‌ನ ಮೇಲ್ತುದಿ ಅವರ ಸ್ನಾಯುವಿಗೆ ಒತ್ತುತ್ತಿತ್ತು. ಅಗಲವಾದ ಹಲಗೆಯನ್ನು ಚಿಕ್ಕ ಪಾದದಿಂದ ಎತ್ತುವುದು ಕಷ್ಟವಾಗುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಶಾನನ್ ಡನ್, ಟೀನಾ ಬಾಸಿಚ್ ಮೊದಲಾದ ಆಟಗಾರ್ತಿಯರ ಹೆಸರಿನಲ್ಲಿ ಹಲಗೆಗಳು ಬಂದವು. ಅಲ್ಲಿಯವರೆಗೆ ಎಷ್ಟು ಹುಡುಗಿಯರು ಮೊದಲ ದಿನವೇ ತಮಗೆ ಈ ಆಟ ಬಾರದೆಂದು ಹಿಂದಿರುಗಿದರೋ! ತಪ್ಪು ಅವರದಾಗಿರಲಿಲ್ಲ, ಬೂಟಿನದಾಗಿತ್ತು.

ಬೀಳುವುದೂ ಒಂದು ವಿದ್ಯೆ

ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುವುದರಿಂದ ತೂಕ ತಪ್ಪಿದಾಗ ಕಾಲು ಚಾಚಿ ಸಾವರಿಸಿಕೊಳ್ಳಲು ಆಗುವುದಿಲ್ಲ. ಕೈ ತಾನಾಗಿ ನೆಲಕ್ಕೆ ಊರುತ್ತದೆ. ಹೀಗಾಗಿ ಈ ಆಟದ ಹೊಸಬರಲ್ಲಿ ಮಣಿಕಟ್ಟಿನ ಗಾಯ ಬಹಳ ಸಾಮಾನ್ಯ. ಮಣಿಕಟ್ಟಿನ ರಕ್ಷಾಕವಚ ಇದನ್ನು ಗಮನಾರ್ಹವಾಗಿ ತಗ್ಗಿಸುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಮೆತ್ತನೆಯ ಬೂಟಿಗೂ ತನ್ನದೇ ಬೆಲೆಯಿದೆ. ಪಾದದ ಕೀಲಿನ ಒಂದು ಚಿಕ್ಕ ಮೂಳೆ ಮುರಿತಕ್ಕೆ ‘ಸ್ನೋಬೋರ್ಡರ್ ಕೀಲು’ ಎಂದೇ ಹೆಸರು ಬಿದ್ದಿದೆ. ಅದು ಸಾಧಾರಣ ಎಕ್ಸ್-ರೇಯಲ್ಲಿ ಕಾಣದೆ ಹೋಗಿ, ಬರೀ ಉಳುಕು ಎಂದು ತಪ್ಪಾಗಿ ತಿಳಿಯುವ ಸಂಭವವಿದೆ. ಆದ್ದರಿಂದ ಮೊದಲ ಪಾಠದಲ್ಲಿ ನಿಲ್ಲುವುದರ ಜೊತೆಗೆ ಬೀಳುವುದನ್ನೂ ಕಲಿಸುತ್ತಾರೆ: ಮುಂದಕ್ಕೆ ಬಿದ್ದರೆ ಮಂಡಿ ಮತ್ತು ಮುಂಗೈ ಮೇಲೆ, ಹಿಂದಕ್ಕೆ ಬಿದ್ದರೆ ಕುಗ್ಗಿ ಪೃಷ್ಠದ ಮೇಲೆ, ಮುಷ್ಟಿ ಬಿಗಿದು, ಗಲ್ಲ ಎದೆಗೊತ್ತಿ. ತಲೆಗೆ ಶಿರಸ್ತ್ರಾಣ ಇರಲೇಬೇಕು.

ಒಲಿಂಪಿಕ್ಸ್‌ನಿಂದ ಗುಲ್ಮಾರ್ಗ್‌ವರೆಗೆ

ಬಾಗಿಲ ಹೊರಗೆ ನಿಂತಿದ್ದ ಈ ಆಟ 1998ರಲ್ಲಿ ಜಪಾನಿನ ನಗಾನೊ ಚಳಿಗಾಲದ ಒಲಿಂಪಿಕ್ಸ್ ಪ್ರವೇಶಿಸಿತು. ಅಲ್ಲಿ ಎರಡು ಬಗೆಯ ಸ್ಪರ್ಧೆಗಳಿದ್ದವು: ಬಾವುಟಗಳ ನಡುವೆ ಜಾರುವ ಜೈಂಟ್ ಸ್ಲಾಲಮ್ ಮತ್ತು ಹಾಫ್‌ಪೈಪ್. ಮೊದಲನೆಯದರಲ್ಲಿ ಕೆನಡಾದ ರಾಸ್ ರೆಬಾಗ್ಲಿಯಾಟಿ ಮತ್ತು ಫ್ರಾನ್ಸಿನ ಕರೀನ್ ರುಬಿ, ಎರಡನೆಯದರಲ್ಲಿ ಸ್ವಿಟ್ಜರ್ಲೆಂಡಿನ ಜಿಯಾನ್ ಸಿಮ್ಮೆನ್ ಮತ್ತು ಜರ್ಮನಿಯ ನಿಕೋಲಾ ತೋಸ್ಟ್ ಚಿನ್ನ ಗೆದ್ದರು. ಶಾನನ್ ಡನ್ ಅವರಿಗೆ ಕಂಚು ದೊರೆಯಿತು. ನಾವು ಮೇಲೆ ನೋಡಿದ ಎರಡು ಪಂಥಗಳೂ ಹೀಗೆ ಒಂದೇ ವೇದಿಕೆಗೆ ಬಂದವು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಒಂದೇ ಕ್ರೀಡಾಕೂಟದಲ್ಲಿ ಸ್ಕೀ ಮತ್ತು ಸ್ನೋಬೋರ್ಡ್ ಎರಡರಲ್ಲೂ ಚಿನ್ನ ಗೆದ್ದು, ಹಳೆಯ ಜಗಳಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು.

ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಕಣಿವೆ ಹಿಮಕ್ರೀಡೆಗಳಿಗೆ ಹೆಸರಾಗಿವೆ. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಗುಲ್ಮಾರ್ಗ್‌ನಿಂದ ತೂಗುತೊಟ್ಟಿಲ ಲಿಫ್ಟ್ ಅಫರ್ವತ್ ಪರ್ವತದ ಮೇಲ್ಭಾಗದವರೆಗೆ ಕೊಂಡೊಯ್ಯುತ್ತದೆ. 2020ರಲ್ಲಿ ಅಲ್ಲಿ ನಡೆದ ಮೊದಲ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ನೋಬೋರ್ಡ್ ಕೂಡ ಸೇರಿತ್ತು.

ಶರ್ಮನ್ ಪಾಪೆನ್ ಮತ್ತು ಜೇಕ್ ಬರ್ಟನ್ ಇಬ್ಬರೂ 2019ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಒಂದು ಆಟದ ಸಾಮಾನನ್ನಷ್ಟೇ ಅಲ್ಲ. ದೇಹದ ಮಾತನ್ನು ಕೇಳಿ ಸಲಕರಣೆಯನ್ನು ತಿದ್ದಬೇಕೆಂಬ ಪಾಠವೂ ಅದರಲ್ಲಿದೆ. ಪಾದ ಜಾರಿತು, ಪಟ್ಟಿ ಬಂತು. ಹಿಮ್ಮಡಿ ಸೋತಿತು, ಒರಗು ಬಂತು. ಮಂಡಿ ನೊಂದಿತು, ಕೋನ ಬದಲಾಯಿತು. ಎಲ್ಲೂ ದೇಹವನ್ನು ಬೈದು ಸರಿಪಡಿಸಲಿಲ್ಲ.

ನಿಮ್ಮಲ್ಲಿ ಹಿಮವನ್ನು ಕಣ್ಣಾರೆ ಕಂಡವರು ಕೆಲವರೇ ಇರಬಹುದು. ಆದರೂ ಹೊಸ ವಿದ್ಯೆಯೊಂದರ ಮುಂದೆ ನೀವು ದಿನವೂ ನಿಲ್ಲುತ್ತೀರಿ. ಅದು ಗಣಿತವಿರಲಿ, ಈಜು ಇರಲಿ, ವೀಣೆ ಇರಲಿ. ಬರಲಿಲ್ಲವೆಂದು ನಿಮ್ಮನ್ನು ನೀವೇ ಹಳಿದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ನಿಂತಿರುವ ರೀತಿ ನನಗೆ ಹೊಂದುತ್ತದೆಯೆ? ನಾಳೆ ಬಸ್ಸಿನಲ್ಲಿ ನಿಂತಾಗ ನಿಮ್ಮ ಯಾವ ಕಾಲು ತಾನಾಗಿ ಮುಂದಿರುತ್ತದೆಂದು ಗಮನಿಸಿ. ಪಕ್ಕದಲ್ಲಿ ನಿಂತ ಗೆಳೆಯರ ಕಾಲನ್ನೂ ನೋಡಿ, ಎಷ್ಟು ಜನ ರೆಗ್ಯುಲರ್, ಎಷ್ಟು ಜನ ಗೂಫಿ ಎಂದು ಎಣಿಸಿ, ತರಗತಿಯಲ್ಲಿ ಚರ್ಚಿಸಿ.